ನಗೆ ಬೇರೆ, ಸಂದೇಹ ಬೇರೆ

ನಮ್ಮ ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ ಮೊದಲ ಗಂಟೆ ಹೊಡೆಯುವುದಕ್ಕೆ ಮುಂಚೆ ಹದಿನೈದು ನಿಮಿಷ ಒಂದು ಗೋಷ್ಠಿ ನಡೆಯುತ್ತದೆ. ಅದಕ್ಕೆ ಅಧ್ಯಕ್ಷರಿಲ್ಲ, ವಂದನಾರ್ಪಣೆಯೂ ಇಲ್ಲ. ಯಾರಾದರೊಬ್ಬರು ಫೋನಿನಲ್ಲಿ ಬಂದ ಸುದ್ದಿಯನ್ನು ಗಟ್ಟಿಯಾಗಿ ಓದುತ್ತಾರೆ. ಉಳಿದವರು ಅದಕ್ಕೆ ಟೀಕು ಹೇಳುತ್ತಾರೆ. ಮೊನ್ನೆ ಓದಿದ ಸುದ್ದಿ ಇದು: ಇನ್ನು ಕೆಲವೇ ವರ್ಷಗಳಲ್ಲಿ ಯಂತ್ರವೇ ಪಾಠ ಹೇಳಲಿದೆ, ಯಂತ್ರವೇ ಉತ್ತರಪತ್ರಿಕೆಗಳನ್ನು ತಿದ್ದಲಿದೆ. ಇತಿಹಾಸದ ಮೇಷ್ಟರು ಹಾಜರಿ ಪುಸ್ತಕದಿಂದ ತಲೆಯೆತ್ತದೆ ಹೇಳಿದರು: “ಒಳ್ಳೆಯದೇ ಆಯಿತು. ಉತ್ತರ ಬರೆಯುತ್ತಿರುವುದೂ ಈಗ ಯಂತ್ರವೇ. ಇನ್ನು ಪರೀಕ್ಷೆಯ ದಿನ ನಾವೂ ಹುಡುಗರೂ ಸೇರಿ ನಂದಿಬೆಟ್ಟಕ್ಕೆ ಹೋಗಿ ಬರಬಹುದು.”

ಎಲ್ಲರೂ ನಕ್ಕೆವು. ಗಂಟೆ ಹೊಡೆಯಿತು. ಮಾತು ಅಲ್ಲಿಗೇ ಮುಗಿಯಿತು.

ಇಂಥ ಮಾತುಗಳು ಅಚ್ಚಾಗುವುದಿಲ್ಲ. ಆದರೆ ಇಂದು ಕನ್ನಡದಲ್ಲಿ ಅತಿ ಹೆಚ್ಚು ಬೆಳೆ ತೆಗೆಯುತ್ತಿರುವ ಗದ್ಯಪ್ರಕಾರ ಯಾವುದೆಂದು ಯಾರಾದರೂ ಕೇಳಿದರೆ, ಸಣ್ಣಕತೆಯೂ ಅಲ್ಲ, ಪ್ರಬಂಧವೂ ಅಲ್ಲ, ಇದೇ ಎಂದು ನಾನು ಹೇಳುತ್ತೇನೆ. ಹೊಸ ಯಂತ್ರವೊಂದರ ಸುದ್ದಿ ಬಂದ ಗಳಿಗೆಯಲ್ಲೇ ಅದರ ಮೇಲೆ ಒಂದು ಚಟಾಕಿ ಹುಟ್ಟುತ್ತದೆ. ಸಂಜೆಯ ಹೊತ್ತಿಗೆ ಚಿಕ್ಕಬಳ್ಳಾಪುರದಲ್ಲಿ ಹುಟ್ಟಿದ್ದು ಚಿಂತಾಮಣಿಯ ಹೋಟೆಲಿನಲ್ಲಿ ಬೇರೆಯವರ ಬಾಯಲ್ಲಿ ಕೇಳಿಬರುತ್ತದೆ. ಇಷ್ಟು ಜನ ಆಡುವ, ಇಷ್ಟು ಜನ ಸವಿಯುವ ಒಂದು ಪ್ರಕಾರವನ್ನು ವಿಮರ್ಶೆ ಕಣ್ಣೆತ್ತಿ ನೋಡದಿದ್ದರೆ ತಪ್ಪು ವಿಮರ್ಶೆಯದೇ. ಆದುದರಿಂದ ಈ ವಾರ ಅದರ ಗುಣದೋಷಗಳನ್ನು ಸ್ವಲ್ಪ ಎಣಿಸೋಣವೆಂದು ಹೊರಟಿದ್ದೇನೆ.

ಮೊದಲು ಮೂಲಪಠ್ಯವಾದ ಸುದ್ದಿಯನ್ನು ನೋಡಬೇಕು. ಯಂತ್ರಲೋಕದ ಸುದ್ದಿ ಕನ್ನಡಕ್ಕೆ ಬರುವಾಗ ಅದಕ್ಕೆ ಒಂದೇ ಕಾಲ, ಭವಿಷ್ಯತ್ ಕಾಲ. ಒಂದೇ ಪ್ರತ್ಯಯ, ‘ಲಿದೆ’. ಬರಲಿದೆ, ಬದಲಾಯಿಸಲಿದೆ, ಇಲ್ಲವಾಗಿಸಲಿದೆ. ಬಂದದ್ದೆಷ್ಟು, ಬಾರದೆ ಉಳಿದದ್ದೆಷ್ಟು ಎಂಬ ಲೆಕ್ಕವನ್ನು ಭೂತಕಾಲದಲ್ಲಿ ಬರೆಯುವವರು ಕಡಿಮೆ. ಚಿಂತಾಮಣಿ ತಾಲ್ಲೂಕಿನ ಕೈವಾರದ ತಾತಯ್ಯನವರ ಕಾಲಜ್ಞಾನವನ್ನು ಕೇಳಿ ಬೆಳೆದ ಸೀಮೆ ನಮ್ಮದು. ಮುಂದಾಗುವುದನ್ನು ಹೇಳುವ ಮಾತು ನಮಗೆ ಹೊಸದಲ್ಲ. ಆದರೆ ಕಾಲಜ್ಞಾನ ಹೇಳಿದವರು ಕೇಳುವವನಿಗೆ ‘ನೀನು ಹೇಗೆ ಬಾಳಬೇಕು’ ಎಂದೂ ಹೇಳಿದರು. ಈಗಿನ ಕಾಲಜ್ಞಾನ ‘ನೀನು ಏನು ಕೊಳ್ಳಬೇಕು’ ಎಂಬಲ್ಲಿಗೆ ನಿಲ್ಲುತ್ತದೆ. ಇಂಥ ಪಠ್ಯಕ್ಕೆ ನಗೆಯೇ ತಕ್ಕ ಭಾಷ್ಯ ಎಂದು ಜನಕ್ಕೆ ತೋರಿದ್ದರೆ ಅದು ಅವರ ರಸಜ್ಞತೆಗೆ ಸಾಕ್ಷಿ.

ಇನ್ನು ನಗೆಯ ವಿಷಯ. ಇದರಲ್ಲಿ ಒಳ್ಳೆಯದು ಯಾವುದು? ನನಗೆ ತಿಳಿದ ಉತ್ತಮ ಮಾದರಿ ಸಿಡ್ಲಘಟ್ಟದ್ದು. ಅಲ್ಲಿಯ ರೇಷ್ಮೆಗೂಡಿನ ಮಾರುಕಟ್ಟೆಯನ್ನು ಬಲ್ಲವರಿಗೆ ರೀಲರ್ ಎಂದರೆ ಯಾರೆಂದು ಹೇಳಬೇಕಾಗಿಲ್ಲ: ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ ನೂಲು ತೆಗೆಯುವವರು. ಫೋನಿನಲ್ಲಿ ಅರ್ಧ ನಿಮಿಷದ ಕುಣಿತದ ಚಿತ್ರಗಳಿಗೂ ರೀಲ್ಸ್ ಎಂಬ ಹೆಸರು ಬಂದಾಗ ಅಲ್ಲಿಯ ಹಿರಿಯರೊಬ್ಬರು ನನಗೆ ಹೇಳಿದರು: “ಮೇಷ್ಟ್ರೇ, ನಾವು ರೀಲ್ ಸುತ್ತುತ್ತೇವೆ, ನಮ್ಮ ಹುಡುಗರು ರೀಲ್ಸ್ ಮಾಡುತ್ತಾರೆ, ಅದನ್ನು ಹೊಗಳುವವರು ರೀಲು ಬಿಡುತ್ತಾರೆ. ಮೂರರಲ್ಲಿ ಕೈ ಸುಡುವುದು ಒಂದರಲ್ಲಿ ಮಾತ್ರ.” ಇದು ಬರಿಯ ಶ್ಲೇಷೆಯಲ್ಲ. ಮೂರು ಅರ್ಥಗಳನ್ನು ಪಕ್ಕಪಕ್ಕದಲ್ಲಿ ನಿಲ್ಲಿಸಿ, ದುಡಿಮೆ ಎಲ್ಲಿದೆ, ಗಾಳಿಮಾತು ಎಲ್ಲಿದೆ ಎಂದು ಬೆರಳು ಮಾಡಿ ತೋರಿಸಿತು. ಆಡಿದವರಿಗೆ ನೂಲೂ ಗೊತ್ತು, ಫೋನೂ ಗೊತ್ತು. ಅವರು ಕೊಳ್ಳುವ ಗೂಡಿನ ಹರಾಜೂ ಈಗ ಫೋನಿನಲ್ಲೇ ನಡೆಯುತ್ತದೆ. ಬಲ್ಲವರ ನಗೆಗೆ ಇರುವ ತೂಕ ಇದು.

ಇನ್ನೊಂದು ಮಾದರಿ 2021ರ ಜೂನ್ ತಿಂಗಳಿನದು. ಗೂಗಲ್‌ನಲ್ಲಿ ಭಾರತದ ಅತಿ ಕುರೂಪವಾದ ಭಾಷೆ ಯಾವುದೆಂದು ಕೇಳಿದರೆ ‘ಕನ್ನಡ’ ಎಂದು ಉತ್ತರ ಬರುತ್ತಿತ್ತು. ನಾಡಿಗೆ ನಾಡೇ ಸಿಟ್ಟಾಯಿತು. ಸಚಿವರು ಕಾನೂನಿನ ಕ್ರಮದ ಮಾತಾಡಿದರು. ಕಂಪನಿ ಆ ಉತ್ತರವನ್ನು ತೆಗೆದುಹಾಕಿ ಕ್ಷಮೆ ಕೇಳಿತು. ಸಿಟ್ಟು ಸಹಜವೇ. ಆದರೆ ಆ ಯಂತ್ರ ಕನ್ನಡವನ್ನು ಓದಿ, ತೂಗಿ, ಕುರೂಪವೆಂದು ತೀರ್ಪು ಕೊಟ್ಟಿರಲಿಲ್ಲ. ಎಲ್ಲೋ ಯಾರೋ ಬರೆದಿಟ್ಟಿದ್ದ ಒಂದು ಸಾಲನ್ನು ಎತ್ತಿ ತಂದು ಉತ್ತರವೆಂಬ ಪೀಠದ ಮೇಲೆ ಕೂರಿಸಿತ್ತು, ಅಷ್ಟೆ. ನನ್ನ ವಿದ್ಯಾರ್ಥಿಯೊಬ್ಬ ಇದನ್ನು ಒಂದೇ ವಾಕ್ಯದಲ್ಲಿ ಮುಗಿಸಿದ: “ಸಾರ್, ದಾರಿ ಕೇಳಿದರೆ ‘ಗೊತ್ತಿಲ್ಲ’ ಅನ್ನೋಕೆ ನಾಚಿಕೆಪಟ್ಟುಕೊಂಡು ಎಡಕ್ಕೆ ಕೈ ತೋರಿಸೋರು ನಮ್ಮ ಬಸ್‌ಸ್ಟಾಂಡಿನಲ್ಲೂ ಇದ್ದಾರೆ.” ಎಲ್ಲ ಭಾಷಣಗಳಿಗಿಂತ ಈ ಮಾತು ಯಂತ್ರದ ಸ್ವಭಾವವನ್ನು ಚೆನ್ನಾಗಿ ತಿಳಿಸಿತು.

ಮೂರನೆಯದು ನಮ್ಮ ವ್ಯಾಕರಣಕ್ಕೇ ಸಂಬಂಧಿಸಿದ್ದು. 2025ರ ಜುಲೈ 14ರಂದು ನಟಿ ಬಿ. ಸರೋಜಾದೇವಿಯವರು ತೀರಿಕೊಂಡರು. ಮುಖ್ಯಮಂತ್ರಿ ಸಿದ್ದರಾಮಯ್ಯನವರು ಅವರ ಅಂತಿಮ ದರ್ಶನ ಪಡೆದರೆಂಬ ಕನ್ನಡ ಬರಹವನ್ನು ಮೆಟಾ ಕಂಪನಿಯ ಅನುವಾದಯಂತ್ರ ಇಂಗ್ಲಿಷಿಗೆ ತಿರುಗಿಸಿದಾಗ, ಮುಖ್ಯಮಂತ್ರಿಗಳೇ ನಿನ್ನೆ ತೀರಿಕೊಂಡರೆಂದಾಯಿತು. ಅವರ ಕಡೆಯಿಂದ ಕಂಪನಿಗೆ ಪತ್ರ ಹೋಯಿತು. ಕಂಪನಿ ಕ್ಷಮೆ ಕೇಳಿ ದೋಷವನ್ನು ಸರಿಪಡಿಸಿದೆನೆಂದಿತು. ಅಂದು ನಮ್ಮ ಕೊಠಡಿಯಲ್ಲಿ ಚಟಾಕಿಗಳಿಗೆ ಬರವಿರಲಿಲ್ಲ. ಆದರೆ ಕನ್ನಡ ಪಾಠ ಹೇಳುವವನಿಗೆ ಅದರಲ್ಲಿ ಒಂದು ಪಾಠವೂ ಇತ್ತು. ‘ನಿನ್ನೆ ಅಗಲಿದ ನಟಿ’ ಎನ್ನುವಾಗ ‘ಅಗಲಿದ’ ಎಂಬುದು ಕೃದಂತ. ಅದು ಹಿಂದೆ ಬಂದ ಹೆಸರಿಗಲ್ಲ, ಮುಂದೆ ಬರುವ ಹೆಸರಿಗೆ ಸೇರಬೇಕು. ಕನ್ನಡ ವಾಕ್ಯ ಓದುಗನನ್ನು ಕಾಯಿಸುತ್ತದೆ. ಕೊನೆಯ ಕ್ರಿಯಾಪದ ಬರುವವರೆಗೆ ಯಾರು ಸತ್ತರು, ಯಾರು ನೋಡಿದರು ಎಂಬ ತೀರ್ಮಾನಕ್ಕೆ ಬರಬಾರದು. ಯಂತ್ರಕ್ಕೆ ಆ ಸಹನೆ ಸಾಲಲಿಲ್ಲ. ಆ ಸಹನೆ ನಮಗಾದರೂ ಇದೆಯೇ ಎಂಬ ಪ್ರಶ್ನೆಗೆ ಮುಂದೆ ಬರುತ್ತೇನೆ.

ಈ ಪ್ರಕಾರದ ದೋಷಗಳನ್ನೂ ಹೇಳಬೇಕಷ್ಟೆ. ಒಂದು ದೋಷ, ಸುದ್ದಿಯನ್ನು ಬಿಟ್ಟು ಜನರನ್ನು ನಗುವುದು. ಹಳ್ಳಿಯ ಮುದುಕ ಫೋನನ್ನು ತಲೆಕೆಳಗಾಗಿ ಹಿಡಿದ ಚಿತ್ರ, ಅಜ್ಜಿ ಯಂತ್ರಕ್ಕೆ ಕೈಮುಗಿದ ಚಿತ್ರ. ಇವು ಎಲ್ಲೆಲ್ಲೂ ಹರಿದಾಡುತ್ತವೆ. ಇಲ್ಲಿ ನಗೆಗೀಡಾದದ್ದು ಯಂತ್ರದ ಪೊಳ್ಳು ಭರವಸೆಯಲ್ಲ, ಅದನ್ನು ಕಲಿಯಲು ಹೊರಟವರ ಶ್ರಮ. ಎರಡನೆಯ ದೋಷ, ಹೊಸದೆಂಬ ಒಂದೇ ಕಾರಣಕ್ಕೆ ನಗುವುದು. ಬಾನುಲಿಯನ್ನೂ ಹೀಗೆ ನಕ್ಕಿರಬಹುದಾಗಿತ್ತು. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ಎಂ.ವಿ. ಗೋಪಾಲಸ್ವಾಮಿಯವರು ಅದನ್ನು ಶುರುಮಾಡಿ ‘ಆಕಾಶವಾಣಿ’ ಎಂಬ ಹೆಸರನ್ನು ನಾಡಿಗೆ ಬಳಕೆಗೆ ತಂದರು. ಆ ಹೆಸರಿನಲ್ಲಿ ಗೇಲಿಯೂ ಇಲ್ಲ, ಬೆರಗೂ ಕಡಿಮೆಯಿಲ್ಲ.

ಈ ಎರಡು ದೋಷಗಳೂ ಸಣ್ಣವು. ಮೂರನೆಯದು ದೊಡ್ಡದು, ಅದನ್ನು ನನ್ನ ಮೇಲೆಯೇ ಹಾಕಿಕೊಂಡು ಹೇಳುವುದು ನ್ಯಾಯ.

2016ರ ನವೆಂಬರಿನಲ್ಲಿ ಎರಡು ಸಾವಿರ ರೂಪಾಯಿಯ ಹೊಸ ನೋಟು ಬಂದಾಗ ಅದರೊಳಗೆ ಕಣ್ಣಿಗೆ ಕಾಣದ ಒಂದು ಚಿಪ್ಪು ಇದೆ, ನೆಲದಡಿ 120 ಮೀಟರ್ ಆಳದಲ್ಲಿ ಹೂತಿಟ್ಟರೂ ಉಪಗ್ರಹಕ್ಕೆ ಸುಳಿವು ಕೊಡಲಿದೆ ಎಂಬ ಸುದ್ದಿ ಹಬ್ಬಿತು. ರಿಸರ್ವ್ ಬ್ಯಾಂಕು ಅಲ್ಲಗಳೆಯಿತು. ಅಂದು ನಮ್ಮ ಕೊಠಡಿಯಲ್ಲಿ ಹೆಚ್ಚು ನಕ್ಕವನು ನಾನೇ. “ನಮ್ಮ ತಾಲ್ಲೂಕಿನಲ್ಲಿ ಸಾವಿರ ಅಡಿ ಕೊರೆದರೂ ನೀರಿನ ಸುಳಿವು ಸಿಗದು, ಬೋರ್‌ವೆಲ್ಲಿಗೆ ಒಂದು ನೋಟು ಇಳಿಬಿಡಿ” ಎಂದು ನಾನು ಆಡಿದ ಮಾತು ಮೂರು ದಿನ ಓಡಾಡಿತು. ನನ್ನನ್ನು ನಾನು ದೊಡ್ಡ ಸಂದೇಹವಾದಿಯೆಂದು ತಿಳಿದುಕೊಂಡೆ.

2018ರ ಬೇಸಿಗೆಯಲ್ಲಿ ಮತ್ತೊಂದು ಸುದ್ದಿ ಬಂತು. ಮಕ್ಕಳನ್ನು ಕದಿಯುವ ತಂಡವೊಂದು ನಮ್ಮ ಜಿಲ್ಲೆಗಳಲ್ಲಿ ಇಳಿದಿದೆ, ವೇಷ ಮರೆಸಿಕೊಂಡು ಬೀದಿ ಬೀದಿ ತಿರುಗುತ್ತಿದೆ. ಜೊತೆಗೆ ಒಂದು ಚಿತ್ರ: ಮೋಟಾರ್ ಸೈಕಲಿನ ಮೇಲೆ ಬಂದ ಇಬ್ಬರು ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುವುದು. ಆಗ ನನ್ನ ಮಗಳಿಗೆ ಆರು ವರ್ಷ. ನನಗೆ ನಗೆ ಬರಲಿಲ್ಲ, ಸಂದೇಹವೂ ಬರಲಿಲ್ಲ. ಅರ್ಧ ನಿಮಿಷದೊಳಗೆ ಅದನ್ನು ಬಂಧುಬಳಗದವರೆಲ್ಲರಿಗೂ ಕಳಿಸಿದೆ.

ಮೂರನೆಯ ದಿನ ಚಿಂತಾಮಣಿಯ ಕಡೆಯ ಹಳ್ಳಿಯಿಂದ ನನ್ನ ಹೆಂಡತಿಯ ತಮ್ಮ ಫೋನು ಮಾಡಿದ. ಕೂದಲು ತೆಗೆದುಕೊಂಡು ಸ್ಟೀಲ್ ಪಾತ್ರೆ ಕೊಡುವ ಹೆಂಗಸೊಬ್ಬಳು ಊರಿಗೆ ಬಂದಿದ್ದಳಂತೆ. ಹುಡುಗರು ಅವಳನ್ನು ಸುತ್ತುವರಿದು, ಗಂಟು ಬಿಚ್ಚಿಸಿ, ದೇವಸ್ಥಾನದ ಕಂಬಕ್ಕೆ ಒರಗಿಸಿ ನಿಲ್ಲಿಸಿದ್ದರಂತೆ. ಊರಿನ ಮುದುಕಿಯೊಬ್ಬಳು ಬಂದು, “ಇವಳು ನಾಲ್ಕು ವರ್ಷದಿಂದ ಬರ್ತಾಳೆ ಕಣ್ರೋ, ನಮ್ಮ ಮನೆ ಡಬರಿ ಇವಳೇ ಕೊಟ್ಟಿದ್ದು” ಎಂದು ಬಿಡಿಸಿ ಕಳಿಸಿದಳಂತೆ. ಇಷ್ಟು ಹೇಳಿ ಅವನು ಸೇರಿಸಿದ: “ಏನೇ ಆಗಲಿ ಬಾವ, ನೀವು ಒಳ್ಳೇ ಹೊತ್ತಿಗೆ ಎಚ್ಚರಿಸಿದಿರಿ. ನೀವು ಕಳಿಸಿದ್ದು ಅಂದಮೇಲೆ ಯಾರೂ ಎರಡು ಮಾತಾಡಲಿಲ್ಲ.”

ಆ ಹೆಂಗಸು ಬದುಕಿಕೊಂಡದ್ದು ಒಂದು ಡಬರಿಯಿಂದ. ಎಲ್ಲರಿಗೂ ಆ ಅದೃಷ್ಟ ಇರಲಿಲ್ಲ. ಅದೇ ವರ್ಷ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಕೆಲಸ ಹುಡುಕಿಕೊಂಡು ಬಂದಿದ್ದ ರಾಜಸ್ಥಾನದ ಯುವಕನೊಬ್ಬನನ್ನು ಗುಂಪು ಹೊಡೆದು ಕೊಂದಿತು. ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ತರುಣ ಇಂಜಿನಿಯರ್ ಒಬ್ಬ ಸತ್ತ. ಅವನ ಜೊತೆಗಿದ್ದವರು ಶಾಲೆಯ ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ಶಂಕೆಗೆ ಕಾರಣವಾಗಿತ್ತು. ಆ ತಿಂಗಳೇ ವಾಟ್ಸಾಪ್ ಕಂಪನಿ ಭಾರತದಲ್ಲಿ ಒಂದು ಸಂದೇಶವನ್ನು ಒಂದು ಸಲಕ್ಕೆ ಐದು ಕಡೆಗಿಂತ ಹೆಚ್ಚು ಕಳಿಸಲಾಗದಂತೆ ಕಟ್ಟುಮಾಡಲು ತೊಡಗಿತು. ಆಮೇಲೆ ತಿಳಿಯಿತು: ಆ ಮೋಟಾರ್ ಸೈಕಲಿನ ಚಿತ್ರ ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಪ್ರಚಾರಕ್ಕಾಗಿ ನಟಿಸಿ ತೆಗೆದದ್ದು. ಎತ್ತಿಕೊಂಡು ಹೋದವರೇ ಮಗುವನ್ನು ವಾಪಸು ತಂದು ಬಿಟ್ಟು, ಎಚ್ಚರಿಕೆಯ ಫಲಕ ಹಿಡಿದು ತೋರಿಸುವ ಕೊನೆಯ ಭಾಗವನ್ನು ಯಾರೋ ಕತ್ತರಿಸಿದ್ದರು. ಕೊನೆಯ ಕ್ರಿಯಾಪದವಿಲ್ಲದ ವಾಕ್ಯವನ್ನು ನಾವೆಲ್ಲ ಪೂರ್ಣವಾಕ್ಯವೆಂದು ಓದಿದ್ದೆವು. ಯಂತ್ರಕ್ಕೆ ಇಲ್ಲದ ಸಹನೆ ನಮಗಾದರೂ ಇದೆಯೇ ಎಂದು ಕೇಳಿದೆನಲ್ಲ, ಅದಕ್ಕೆ ನನ್ನ ಉತ್ತರ ಇದು.

ನನ್ನ ತಪ್ಪು ಇನ್ನೂ ಹೆಚ್ಚಿನದು. ಏಕೆಂದರೆ ಇದಕ್ಕೆ ಬೇಕಾದ ಶಾಸ್ತ್ರವನ್ನು ನಾನು ಎಂ.ಎ. ತರಗತಿಯಲ್ಲಿ ಓದಿದ್ದೆ. ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯನ್ನು ಓದಿದ ಯಾವ ವಿದ್ಯಾರ್ಥಿಗೂ ಗ್ರಂಥಸಂಪಾದನೆಯ ಮೊದಲ ಪಾಠ ಗೊತ್ತು: ಓಲೆಪ್ರತಿಗಳನ್ನು ಎಣಿಸಬಾರದು, ಅವುಗಳ ವಂಶವನ್ನು ನೋಡಬೇಕು. ಒಂದೇ ತಾಯಿಪ್ರತಿಯಿಂದ ನಕಲಾದ ಇಪ್ಪತ್ತು ಪ್ರತಿಗಳಿದ್ದರೂ ಸಾಕ್ಷಿ ಒಂದೇ. ತಾಯಿಯಲ್ಲಿದ್ದ ತಪ್ಪು ಇಪ್ಪತ್ತರಲ್ಲೂ ಇರುತ್ತದೆ. ಆ ಸಂದೇಶ ನನಗೆ ಏಳು ಕಡೆಯಿಂದ ಬಂದಿತ್ತು. ಏಳು ಜನ ಹೇಳುತ್ತಿದ್ದಾರೆಂದು ನಂಬಿದೆ. ಹೇಳಿದವರು ಏಳು ಜನರಲ್ಲ, ನಕಲು ಮಾಡಿದವರು ಏಳು ಜನ. ಪಂಪನ ಪಾಠಾಂತರಗಳಿಗೆ ಬಳಸಲು ಕಲಿತ ವಿದ್ಯೆಯನ್ನು, ಬೀದಿಯಲ್ಲಿ ಹೋಗುವ ಹೆಂಗಸಿನ ಪ್ರಾಣದ ವಿಷಯದಲ್ಲಿ ನಾನು ಬಳಸಲಿಲ್ಲ.

ಈ ತತ್ವವನ್ನು ಯಂತ್ರದಲ್ಲೇ ಕಾಣಬೇಕೆನ್ನುವವರು ಗೌರಿಬಿದನೂರಿಗೆ ಹೋಗಬೇಕು. ಅಲ್ಲಿ 1960ರ ದಶಕದಲ್ಲಿ ಭಾಭಾ ಅಣು ಸಂಶೋಧನ ಕೇಂದ್ರದವರು ಭೂಕಂಪಮಾಪಕಗಳನ್ನು ಕಿಲೋಮೀಟರುಗಳುದ್ದಕ್ಕೆ ಸಾಲಾಗಿ ಹೂಡಿದರು. ದೂರದ ದೇಶದಲ್ಲಿ ನೆಲದಡಿ ಅಣುಬಾಂಬಿನ ಪರೀಕ್ಷೆ ನಡೆದರೂ ಇಲ್ಲಿ ತಿಳಿಯಬೇಕೆಂಬುದು ಉದ್ದೇಶ. ಒಂದೇ ಮಾಪಕ ಸಾಲದೇ ಎಂದರೆ, ಸಾಲದು. ಪಕ್ಕದಲ್ಲಿ ಲಾರಿ ಹೋದರೂ ಅದು ಅದುರುತ್ತದೆ. ಒಂದಕ್ಕೊಂದು ದೂರದಲ್ಲಿರುವ, ಒಂದರ ಮಾತನ್ನು ಇನ್ನೊಂದು ಕೇಳದ ಮಾಪಕಗಳೆಲ್ಲ ಒಂದೇ ಅಲೆಯನ್ನು ಕ್ರಮವಾಗಿ ಕಂಡರೆ ಮಾತ್ರ ಅದು ದೂರದ ಸುದ್ದಿ. ಉಳಿದದ್ದು ಊರಿನ ಗಲಾಟೆ. ನಮ್ಮ ಫೋನುಗಳು ಸಂಖ್ಯೆಯಲ್ಲಿ ಎಷ್ಟಿದ್ದರೇನು, ಒಂದು ಅದುರಿದರೆ ಉಳಿದವೂ ಅದುರುವಂತೆ ಕಟ್ಟಿದ ಮಾಪಕಗಳು ಅವು.

ಹಾಗಾದರೆ ನಗೆ ನಮ್ಮನ್ನು ಕಾಯಲಾರದೆ? ಕನ್ನಡದ ಹಾಸ್ಯದ ಚರಿತ್ರೆಯಲ್ಲಿ ಇದಕ್ಕೆ ಎರಡು ಉತ್ತರಗಳಿವೆ. 1942ರಿಂದ 1967ರವರೆಗೆ ‘ಕೊರವಂಜಿ’ಯನ್ನು ನಡೆಸಿದ ರಾಶಿಯವರು, ಅಂದರೆ ಡಾ. ಎಂ. ಶಿವರಾಂ, ವೃತ್ತಿಯಲ್ಲಿ ವೈದ್ಯರು, ಮನಸ್ಸಿನ ವ್ಯಾಪಾರಗಳನ್ನು ಬಲ್ಲವರು, ‘ಮನಮಂಥನ’ವನ್ನು ಬರೆದವರು. ಅವರಿಗೆ ನಗೆ ರೋಗಿಯ ನಾಡಿ ನೋಡುವ ಉಪಾಯವಾಗಿತ್ತು. ಇನ್ನೊಬ್ಬರು ನಾ. ಕಸ್ತೂರಿ. ಪದಗಳ ಪ್ರತಿಷ್ಠೆಯನ್ನು ‘ಅನರ್ಥಕೋಶ’ದಲ್ಲಿ ಅವರಷ್ಟು ಸೊಗಸಾಗಿ ಇಳಿಸಿದವರು ಕಡಿಮೆ. ಅದೇ ಕಸ್ತೂರಿಯವರು ಮುಂದೆ ಪುಟ್ಟಪರ್ತಿಯ ಸತ್ಯಸಾಯಿಬಾಬಾ ಅವರ ಭಕ್ತರಾಗಿ ಅವರ ಚರಿತ್ರೆಯನ್ನೂ ಬರೆದರು. ಇತ್ತ ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರಾದ, ಭೌತವಿಜ್ಞಾನದ ಅಧ್ಯಾಪಕರಾದ ಎಚ್. ನರಸಿಂಹಯ್ಯನವರು 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ ಪವಾಡಗಳ ಪರಿಶೀಲನೆಗೆ ಸಮಿತಿಯೊಂದನ್ನು ನೇಮಿಸಿ, ಅದೇ ಬಾಬಾ ಅವರಿಗೆ ಪರೀಕ್ಷೆಗೆ ಒಪ್ಪಿಕೊಳ್ಳುವಂತೆ ಪತ್ರಗಳನ್ನು ಬರೆದರು, ಉತ್ತರ ಬರಲಿಲ್ಲ.

ಒಬ್ಬರ ಶ್ರದ್ಧೆಯನ್ನು ಅಳೆಯುವುದು ನನ್ನ ಕೆಲಸವಲ್ಲ. ಕಸ್ತೂರಿಯವರ ಹಾಸ್ಯ ಅದರಿಂದ ಒಂದು ಕೂದಲೂ ಕುಂದುವುದಿಲ್ಲ. ನಾನು ಹೇಳಬೇಕಾದದ್ದು ಇಷ್ಟೆ: ನಗಬಲ್ಲವರೆಲ್ಲ ಸಂದೇಹಿಸುತ್ತಾರೆಂದು ತಿಳಿಯಬಾರದು. ನಗೆ ಒಂದು ಗುಣ, ಸಂದೇಹ ಒಂದು ಅಭ್ಯಾಸ. ನಮಗೆ ತಾಗದ ಸುದ್ದಿ ಬಂದಾಗ ನಗೆ ತಾನಾಗಿ ಬರುತ್ತದೆ. ತಾಗುವ ಸುದ್ದಿ ಬಂದಾಗ, ಅಂಜಿಕೆ ಹಿಡಿದಾಗ, ಮಗಳು ಬೀದಿಯಲ್ಲಿ ಆಡುತ್ತಿರುವಾಗ, ಅದು ಹೇಳದೆ ಕೇಳದೆ ಎದ್ದುಹೋಗುತ್ತದೆ. ಆಗ ಕೈಹಿಡಿಯುವುದು ಅಭ್ಯಾಸವೊಂದೇ. ನರಸಿಂಹಯ್ಯನವರು ತಮ್ಮ ಒಂದು ಪುಸ್ತಕಕ್ಕೆ ‘ತೆರೆದ ಮನ’ ಎಂದು ಹೆಸರಿಟ್ಟರು. ಮನಸ್ಸು ತೆರೆದಿರಬೇಕೆಂದರೆ ಬಂದದ್ದೆಲ್ಲ ಒಳಗೆ ಬರಲಿ ಎಂದಲ್ಲ. ಬಾಗಿಲಲ್ಲಿ ನಿಂತು ‘ಯಾರು?’ ಎಂದು ಕೇಳುವವರೊಬ್ಬರು ಇರಬೇಕು.

ನಮ್ಮ ಪುರಾಣಗಳಲ್ಲಿ ಮೈಯಿಲ್ಲದ ಮಾತಿಗೆ ಅಶರೀರವಾಣಿ ಎಂದು ಹೆಸರು. ದೇವಕಿಯನ್ನು ರಥದಲ್ಲಿ ಕರೆದೊಯ್ಯುತ್ತಿದ್ದ ಕಂಸನಿಗೆ ಅದು ಕೇಳಿಸಿತು. ‘ಯಾರು ಹೇಳಿದ್ದು?’ ಎಂದು ಅವನು ಕೇಳಲಿಲ್ಲ. ಕೂಡಲೆ ಕತ್ತಿ ಹಿರಿದ. ಫೋನಿನಲ್ಲಿ ಬರುವ, ಬರೆದವರ ಹೆಸರಿಲ್ಲದ ಮಾತುಗಳಿಗೂ ಇದಕ್ಕಿಂತ ತಕ್ಕ ಹೆಸರು ನನಗೆ ತೋರದು.

ಆದುದರಿಂದ ಈ ಪ್ರಕಾರಕ್ಕೆ ನನ್ನ ತೀರ್ಪು ಹೀಗೆ: ಚಟಾಕಿಯ ಹಿಂದೆ ಒಂದು ಪ್ರಶ್ನೆ ಇದ್ದರೆ ಅದು ಸಾಹಿತ್ಯ, ಇಲ್ಲದಿದ್ದರೆ ಹೊತ್ತುಹೋಕು. ಸಿಡ್ಲಘಟ್ಟದ ಹಿರಿಯರ ಮಾತಿನ ಹಿಂದೆ ‘ದುಡಿದವರು ಯಾರು?’ ಎಂಬ ಪ್ರಶ್ನೆಯಿತ್ತು. ನನ್ನ ವಿದ್ಯಾರ್ಥಿಯ ಮಾತಿನ ಹಿಂದೆ ‘ಇದು ಎಲ್ಲಿಂದ ತಂದದ್ದು?’ ಎಂಬುದಿತ್ತು. ಬೋರ್‌ವೆಲ್ಲಿಗೆ ನೋಟು ಇಳಿಬಿಡುವ ನನ್ನ ಮಾತಿನ ಹಿಂದೆ ಏನೂ ಇರಲಿಲ್ಲ. ನಾನು ಜಾಣನೆಂಬ ಸಮಾಧಾನ ಮಾತ್ರ ಇತ್ತು.

ಈಚೆಗೆ ತರಗತಿಯಲ್ಲಿ ಕನ್ನಡದ ಹಿರಿಮೆಯನ್ನು ಕುರಿತು ದೊಡ್ಡವರೊಬ್ಬರು ಆಡಿದರೆನ್ನುವ ಮಾತೊಂದನ್ನು ಬರೆಸುತ್ತಿದ್ದೆ. ಹದಿನೈದು ವರ್ಷಗಳಿಂದ ಬರೆಸುತ್ತ ಬಂದದ್ದು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, “ಸಾರ್, ಇದು ಅವರ ಯಾವ ಪುಸ್ತಕದಲ್ಲಿದೆ?” ಎಂದಳು. ಮೊದಲು ಸಿಟ್ಟು ಬಂತು. ಆಮೇಲೆ ನನ್ನ ಹೆಂಡತಿಯ ತಮ್ಮನ ಫೋನು ನೆನಪಾಯಿತು. “ನಾಳೆ ನೋಡಿ ಹೇಳುತ್ತೇನಮ್ಮ” ಎಂದೆ. ಆ ಸಂಜೆ ಗ್ರಂಥಾಲಯದಲ್ಲಿ ಎರಡು ಗಂಟೆ ಹುಡುಕಿದೆ. ನಾನು ಹೇಳುತ್ತಿದ್ದ ಪುಸ್ತಕದಲ್ಲಿ ಆ ಮಾತು ಇರಲಿಲ್ಲ. ಮರುದಿನ ಟಿಪ್ಪಣಿಯಲ್ಲಿ ಆ ಸಾಲನ್ನು ಹೊಡೆದುಹಾಕಲು ಹೇಳಿದೆ. ಹುಡುಗರು ನಕ್ಕರು. ಆ ನಗೆಯನ್ನು ತಡೆಯಬೇಕೆಂದು ನನಗೆ ಅನ್ನಿಸಲಿಲ್ಲ.